ಉಪ್ಪು ತಿಂದ ಸಿಲಿಕಾನ್

ಸಿಲಿಕಾನ್ ಬಗ್ಗೆ ಭಾಷಣ ಮಾಡದ ಮಂತ್ರಿ ಈಗ ಈ ದೇಶದಲ್ಲಿ ಸಿಗುವುದಿಲ್ಲ. ಮೀನುಗಾರಿಕೆ ಖಾತೆಯವರೂ ಮಾಡುತ್ತಾರೆ. ಚಿಪ್, ಫ್ಯಾಬ್, ನ್ಯಾನೋಮೀಟರ್. ಪಕ್ಕದಲ್ಲಿ ಕೂತ ಕಾರ್ಯದರ್ಶಿ ತಲೆಯಾಡಿಸುತ್ತಾರೆ. ಅರ್ಥವಾಗಿ ಅಲ್ಲ. ಆಡಿಸದಿದ್ದರೆ ವರ್ಗವಾಗುತ್ತದೆ.

ಸೋಡಿಯಂ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅಡುಗೆಮನೆಯ ಉಪ್ಪಿನಲ್ಲಿದೆ, ಮೈಯ ಬೆವರಿನಲ್ಲಿದೆ, ಕಿಟಕಿಯ ಗಾಜಿನಲ್ಲಿದೆ. ಇಷ್ಟು ಅಗ್ಗದ ವಸ್ತುವಿಗೆ ರಿಬ್ಬನ್ ಕತ್ತರಿಸುವವರು ಯಾರು? ಆದರೆ ಸಿಲಿಕಾನ್ ಉದ್ಯಮದ ಬೂಟಾಟಿಕೆಯನ್ನು ಒಂದೇ ಕಡೆ ನೋಡಬೇಕೆಂದರೆ ಇದನ್ನೇ ಹಿಡಿಯಬೇಕು. ಒಂದು ಕಾರ್ಖಾನೆಯಲ್ಲಿ ಇದಕ್ಕೆ ಬಾಗಿಲಲ್ಲೇ ತಡೆ. ಇನ್ನೊಂದರಲ್ಲಿ ಅದೇ ಸಿಲಿಕಾನಿನ ನೆತ್ತಿಯ ಮೇಲೆ ಇದರದ್ದೇ ಸೂರು. ಎರಡೂ ಕಡೆ ಬಿಲ್ ಕಟ್ಟುವವರು ನಾವು.

ಕತೆ 1960ರ ಸುಮಾರಿನದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮೊಹಮ್ಮದ್ ಅಟಲ್ಲಾ ಮತ್ತು ಡಾವೊನ್ ಕಾಂಗ್ ಎಂಒಎಸ್ ಟ್ರಾನ್ಸಿಸ್ಟರ್ ಮಾಡಿ ತೋರಿಸಿದ್ದರು. ಕೆಳಗೆ ಸಿಲಿಕಾನ್, ಅದರ ಮೇಲೆ ಸಿಲಿಕಾನ್ ಆಕ್ಸೈಡಿನ ತೆಳ್ಳನೆಯ ಪೊರೆ, ಅದರ ಮೇಲೆ ಲೋಹದ ಗೇಟ್. ಗೇಟಿಗೆ ಇಷ್ಟು ವೋಲ್ಟ್ ಕೊಟ್ಟರೆ ಕೆಳಗೆ ಕರೆಂಟ್ ಹರಿಯಬೇಕು. ತೆಗೆದರೆ ನಿಲ್ಲಬೇಕು. ಇಂದು ಜೇಬಿನ ಫೋನಿನಲ್ಲಿರುವ ನೂರಾರು ಕೋಟಿ ಸ್ವಿಚ್ಚುಗಳ ಮೂಲಪುರುಷ ಇದೇ.

ಮೂಲಪುರುಷನಿಗೆ ಮಾತಿನ ಮೇಲೆ ನಿಲ್ಲುವ ಅಭ್ಯಾಸ ಇರಲಿಲ್ಲ. ತಣ್ಣಗಿದ್ದಾಗ ಒಂದು ವೋಲ್ಟಿಗೆ ತೆರೆದದ್ದು ಬಿಸಿಯಾದ ಮೇಲೆ ಇನ್ನೊಂದಕ್ಕೆ ತೆರೆಯುತ್ತಿತ್ತು. ಕೆಲವಂತೂ ಆಫ್ ಆಗಲೇ ಒಲ್ಲವು. ಗೇಟಿನಲ್ಲಿ ವೋಲ್ಟ್ ಇಲ್ಲದಿದ್ದರೂ ಕರೆಂಟ್ ಹರಿಯುತ್ತಲೇ ಇತ್ತು. ಕಾರಣ ಸಿಗದೆ ಘಟಾನುಘಟಿಗಳು ತಲೆ ಕೆರೆದುಕೊಂಡರು.

1965ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಸ್ನೋ, ಗ್ರೋವ್, ಡೀಲ್ ಮತ್ತು ಸಾ ಎಂಬ ನಾಲ್ವರು ಕಳ್ಳನನ್ನು ಕಾಗದದ ಮೇಲೆ ಹಿಡಿದುಹಾಕಿದರು. ಸೋಡಿಯಂ. ಆಕ್ಸೈಡಿನೊಳಗೆ ಧನ ಅಯಾನಾಗಿ ಸೇರಿಕೊಂಡು ಬಿಸಿ ಏರಿದಾಗ ತೆವಳುತ್ತದೆ. ಗೇಟಿಗೆ ಧನ ವೋಲ್ಟ್ ಕೊಟ್ಟರೆ ಸಿಲಿಕಾನಿನ ಕಡೆಗೆ ಸರಿಯುತ್ತದೆ, ತಿರುಗಿಸಿದರೆ ವಾಪಸ್ ಬರುತ್ತದೆ. ಪಕ್ಷಾಂತರಕ್ಕೆ ಕೆಲವು ನಿಮಿಷ ಸಾಕು. ಆ ನಾಲ್ವರಲ್ಲಿ ಒಬ್ಬರಾದ ಆಂಡಿ ಗ್ರೋವ್ ಮುಂದೆ ಇಂಟೆಲ್ ಕಂಪನಿಯ ಮುಖ್ಯಸ್ಥರಾದರು. ಉಪ್ಪಿನ ಋಣ ಎಂದರೆ ಇದೇ ಇರಬೇಕು.

ಎಷ್ಟು ಸೋಡಿಯಂ ಬೇಕು ಇಷ್ಟು ರಗಳೆಗೆ? ಒಂದು ಚದರ ಸೆಂಟಿಮೀಟರಿಗೆ ಒಂದು ಲಕ್ಷ ಕೋಟಿ ಅಯಾನು. ಬಜೆಟ್ಟಿನಲ್ಲಿ ಕೇಳಿ ಕೇಳಿ ನಮಗೆ ಮರಗಟ್ಟಿದ ಸಂಖ್ಯೆ. ಅಷ್ಟೇ ಜಾಗದ ಸಿಲಿಕಾನ್ ಮೇಲ್ಮೈಯಲ್ಲಿ ಸುಮಾರು 680 ಲಕ್ಷ ಕೋಟಿ ಸಿಲಿಕಾನ್ ಪರಮಾಣುಗಳಿವೆ. ಅಂದರೆ 680 ಜನರ ಸಭೆಯಲ್ಲಿ ಒಬ್ಬ. ಆ ಒಬ್ಬನಿಂದ, ಪೊರೆ 100 ನ್ಯಾನೋಮೀಟರ್ ದಪ್ಪವಿದ್ದರೆ, ಸ್ವಿಚ್ಚು ತೆರೆಯುವ ವೋಲ್ಟೇಜ್ ನಾಲ್ಕೂವರೆ ವೋಲ್ಟ್ ಅತ್ತಿತ್ತ ಆಗುತ್ತದೆ. ಐದು ವೋಲ್ಟಿನಲ್ಲಿ ನಡೆಯಬೇಕಾದ ಸರ್ಕ್ಯೂಟಿನ ಗತಿ ನೀವೇ ಊಹಿಸಿ.

ಕಳ್ಳ ಬಂದದ್ದು ಎಲ್ಲಿಂದ? ಎಲ್ಲ ಕಡೆಯಿಂದ. ಕೆಲಸಗಾರರ ಬೆರಳಿನಿಂದ, ತೊಳೆಯುವ ನೀರಿನಿಂದ, ಕುಲುಮೆಯ ಕೊಳವೆಯಿಂದ. ಅಲ್ಯೂಮಿನಿಯಂ ಕಾಯಿಸಿ ಆವಿ ಮಾಡುವ ಟಂಗ್‌ಸ್ಟನ್ ತಂತಿಯಲ್ಲೂ ಇತ್ತು.

ಆಮೇಲೆ ನೋಡಬೇಕಿತ್ತು ಮಡಿಯನ್ನು. ತಲೆಯಿಂದ ಕಾಲಿನ ತನಕ ಮುಚ್ಚುವ ಬನ್ನಿ ಸೂಟ್ ಬಂತು. ಕೈಗವಸು ಬಂತು. ಮುಖಕ್ಕೆ ಪೌಡರ್ ಹಚ್ಚಿದವರಿಗೆ ಪ್ರವೇಶವಿಲ್ಲ. ಆರ್‌ಸಿಎ ಕಂಪನಿಯ ವರ್ನರ್ ಕರ್ನ್ 1965ರಲ್ಲಿ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆ ತೊಳೆಯುವ ಕ್ರಮವೊಂದನ್ನು ರೂಪಿಸಿದರು. ಅದನ್ನು ಜಗತ್ತಿಗೆ ಪ್ರಕಟಿಸಿದ್ದು 1970ರಲ್ಲಿ. ಐಬಿಎಂನವರು 1964ರಲ್ಲೇ ಆಕ್ಸೈಡಿನ ಮೇಲೆ ರಂಜಕ ಬೆರೆತ ಗಾಜಿನ ಪದರ ಹಾಸಿ ಸೋಡಿಯಮ್ಮನ್ನು ಅಲ್ಲೇ ಕಟ್ಟಿಹಾಕುವ ದಾರಿ ತೋರಿಸಿದ್ದರು. ಬಳಿಕ ಸಿಲಿಕಾನ್ ನೈಟ್ರೈಡಿನ ಗೋಡೆ ಬಂತು, ಕುಲುಮೆಗೆ ಕ್ಲೋರಿನ್ ಬಂತು. ಒಂದು ಧಾತುವನ್ನು ಹೊರಗಿಡಲು ಒಂದು ಇಡೀ ಉದ್ಯಮ ಮಡಿ ಉಟ್ಟು ನಿಂತಿತು.

ಮಡಿ ಯಾರಿಗಾಗಿ ಎಂಬುದು ಪ್ರಶ್ನೆ. ಬಿಲ್ಲೆಯ ಮೇಲೆ ಚಿತ್ತಾರ ಮೂಡಿಸಲು ಡೆವಲಪರ್ ದ್ರಾವಣ ಬೇಕು. ಮೊದಲು ಅದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಕಾಸ್ಟಿಕ್ ಸೋಡಾ ಆಗಿತ್ತು. ಅದರಲ್ಲಿ ಸೋಡಿಯಂ ಇದೆ, ಆದ್ದರಿಂದ ಅಸ್ಪೃಶ್ಯ. ಅದರ ಬದಲಿಗೆ ಟೆಟ್ರಾಮೀಥೈಲ್ ಅಮೋನಿಯಂ ಹೈಡ್ರಾಕ್ಸೈಡ್ ಬಂತು. ಚಿಕ್ಕದಾಗಿ ಟಿಎಂಎಎಚ್. ಚಿಪ್‌ಗೆ ಪರಮ ಸುರಕ್ಷಿತ. ಅದರ 25% ದ್ರಾವಣ ಚರ್ಮಕ್ಕೆ ಬಿದ್ದರೆ ಮೈಯೊಳಗೆ ಇಳಿದು ಉಸಿರಾಟವನ್ನೇ ನಿಲ್ಲಿಸಬಲ್ಲದು. ತೈವಾನಿನಲ್ಲಿ ಹಾಗೆ ಕಾರ್ಮಿಕರು ಸತ್ತದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ.

ಸಿಲಿಕಾನಿನ ಚರ್ಮ ಉಳಿಯಿತು. ಕಾರ್ಮಿಕನ ಚರ್ಮದ ಲೆಕ್ಕ ಬೇರೆ ಖಾತೆಯಲ್ಲಿದೆ.

ವಿಷದ ಮಾತು ಬಂದಾಗ ಇನ್ನೊಂದು ತಮಾಷೆ. ಸಿಲಿಕಾನಿಗೆ ಬೇಕಾದ ಗುಣ ತರಲು ಬೇರೆ ಧಾತುಗಳನ್ನು ವೇಗವಾಗಿ ಹೊಡೆದು ಒಳಗೆ ನೆಡುವ ಯಂತ್ರಗಳಿವೆ. ಇಂಪ್ಲಾಂಟರ್ ಎನ್ನುತ್ತಾರೆ. ಬೋರಾನ್, ರಂಜಕ, ಆರ್ಸೆನಿಕ್ ಇವೆಲ್ಲ ಅಲ್ಲಿಯ ಗಣ್ಯ ಅತಿಥಿಗಳು. ಹೌದು, ಆರ್ಸೆನಿಕ್. ಪತ್ತೇದಾರಿ ಕಾದಂಬರಿಗಳಲ್ಲಿ ಗಂಡನ ಹಾಲಿಗೆ ಬೆರೆಸುವ ಅದೇ ಪಾಷಾಣ. ಅದಕ್ಕೆ ಕೆಂಪುಹಾಸು. ಅಡುಗೆಮನೆಯ ಉಪ್ಪಿಗೆ ಬಾಗಿಲು ಬಂದ್.

ತರ್ಕ ಇಲ್ಲ ಎಂದಲ್ಲ. ಕಾಯಿಸಿದ ಮೇಲೆ ಆರ್ಸೆನಿಕ್ ಸಿಲಿಕಾನಿನ ಹರಳಿನಲ್ಲಿ ಒಂದು ಸೀಟು ಹಿಡಿದು ಕೂತುಬಿಡುತ್ತದೆ. ಒಂದು ಎಲೆಕ್ಟ್ರಾನ್ ಕೊಡುತ್ತದೆ, ಮತ್ತೆ ಏಳುವುದಿಲ್ಲ. ಸೋಡಿಯಮ್ಮನ್ನೂ ಹೀಗೆ ನೆಟ್ಟು ನೋಡಿದವರಿದ್ದಾರೆ. ಅದೂ ಎಲೆಕ್ಟ್ರಾನ್ ಕೊಡುತ್ತದೆ. ಆದರೆ ಸೀಟಿನಲ್ಲಿ ಕೂರುವುದಿಲ್ಲ. ಪರಮಾಣುಗಳ ನಡುವಿನ ಸಂದಿಯಲ್ಲಿ ನಿಲ್ಲುತ್ತದೆ. ನೆಟ್ಟದ್ದರಲ್ಲಿ ಬಹುಪಾಲು ಕೆಲಸಕ್ಕೇ ಬರುವುದಿಲ್ಲ. ಬಿಸಿ ತಾಗಿದರೆ ಹೊರಟು, ಹರಳು ಎಲ್ಲಿ ಹರಿದಿದೆಯೋ ಅಲ್ಲಿ ಹೋಗಿ ಗುಂಪುಗೂಡುತ್ತದೆ. ಆರ್ಸೆನಿಕ್ ಕೊಲ್ಲುತ್ತದೆ, ಆದರೆ ಶಿಸ್ತಿನ ಸಿಪಾಯಿ. ಸೋಡಿಯಂ ಸಾಧು, ಆದರೆ ತಿರುಬೋಕಿ. ನಮ್ಮ ಪಕ್ಷಗಳು ಟಿಕೆಟ್ ಹಂಚುವಾಗಲೂ ಇದೇ ಮಾನದಂಡ.

ಹೊರಗಟ್ಟಿದವರೇ ಬೇಕಾದಾಗ ಕರೆಸಿಕೊಂಡದ್ದೂ ಉಂಟು. 1970ರ ದಶಕದಲ್ಲಿ ಐಬಿಎಂನ ಹಾರ್ಟ್‌ಸ್ಟೈನ್ ಮತ್ತು ಫೌಲರ್ ಬೇಕೆಂದೇ ಸೋಡಿಯಂ ಇರುವ ಟ್ರಾನ್ಸಿಸ್ಟರ್ ತೆಗೆದುಕೊಂಡರು. ಅಯಾನುಗಳನ್ನು ಸಿಲಿಕಾನಿನ ಗಡಿಗೆ ಸರಿಸಿ, ಅಲುಗಾಡದಂತೆ ತಣ್ಣಗಾಗಿಸಿ, ಅಲ್ಲಿ ಎಲೆಕ್ಟ್ರಾನುಗಳು ಹೇಗೆ ಸಿಕ್ಕಿಕೊಳ್ಳುತ್ತವೆ ಎಂದು ಅಳೆದರು. ಕಾರ್ಖಾನೆಯಲ್ಲಿ ಕಲ್ಮಶ, ಪ್ರಯೋಗಾಲಯದಲ್ಲಿ ಪ್ರಬಂಧ.

ಇದಕ್ಕಿಂತ ನಿರ್ಲಜ್ಜವಾದದ್ದು ಅಮೆರಿಕದ ಕಾರ್ನೆಗಿ ಸಂಸ್ಥೆಯ ಪ್ರಯೋಗಾಲಯದಿಂದ 2014ರ ಕೊನೆಯಲ್ಲಿ ಬಂತು. ಸೋಡಿಯಂ ಮತ್ತು ಸಿಲಿಕಾನನ್ನು ಸೇರಿಸಿ ವಾಯುಮಂಡಲದ ಒತ್ತಡಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ಒತ್ತಿದರು. ಸೋಡಿಯಂ ಸುತ್ತ ಸಿಲಿಕಾನ್ ಹೊಸ ಬಗೆಯ ಚೌಕಟ್ಟು ಕಟ್ಟಿಕೊಂಡಿತು. ಪ್ರತಿ 24 ಸಿಲಿಕಾನಿಗೆ ನಾಲ್ಕು ಸೋಡಿಯಂ. ಆಮೇಲೆ ನಿರ್ವಾತದಲ್ಲಿ ಮೆಲ್ಲಗೆ ಕಾಯಿಸಿ ಸೋಡಿಯಮ್ಮನ್ನೆಲ್ಲ ಓಡಿಸಿದರು. ಚೌಕಟ್ಟು ಕುಸಿಯಲಿಲ್ಲ. ಸಾಮಾನ್ಯ ಸಿಲಿಕಾನಿಗಿಂತ ಬೆಳಕನ್ನು ಚೆನ್ನಾಗಿ ಹೀರಬಲ್ಲ ಹೊಸ ಸಿಲಿಕಾನ್ ಸಿಕ್ಕಿತು. ಹೆಸರು ಸಿಲಿಕಾನ್-24. ಅಪಾರ್ಟ್‌ಮೆಂಟ್ ಏಳುವ ತನಕ ತಗಡಿನ ಶೆಡ್ಡಿನಲ್ಲಿರುವ ಕಲಬುರಗಿ, ರಾಯಚೂರಿನ ಕೂಲಿಯವರನ್ನು ಗೃಹಪ್ರವೇಶದ ಹಿಂದಿನ ವಾರ ಎತ್ತಂಗಡಿ ಮಾಡುತ್ತಾರಲ್ಲ, ಅದೇ ಪದ್ಧತಿ. ಫಲಕದಲ್ಲಿ ಬಿಲ್ಡರ್ ಹೆಸರು.

ಇನ್ನು ತೆಳುಪೊರೆಯ ಸೋಲಾರ್ ಸೆಲ್ ಮಾಡುವವರದು ತದ್ವಿರುದ್ಧ. ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂ ಬೆರೆಸಿ ಇವರು ಗಾಜಿನ ಮೇಲೆ ಪೊರೆ ಹಾಸುತ್ತಾರೆ. 1993ರ ಸುಮಾರಿಗೆ ಇವರಿಗೆ ಗೊತ್ತಾದದ್ದು, ಅಗ್ಗದ ಕಿಟಕಿ ಗಾಜಿನ ಮೇಲೆ ಮಾಡಿದ ಸೆಲ್ ಹೆಚ್ಚು ಕರೆಂಟ್ ಕೊಡುತ್ತದೆ ಎಂದು. ಕಾರಣ ಗಾಜಿನಿಂದ ಹತ್ತಿ ಬಂದ ಸೋಡಿಯಂ. ಅಂದಿನಿಂದ ಗಾಜಿಲ್ಲದ ಕಡೆ ಸೋಡಿಯಂ ಫ್ಲೋರೈಡ್ ತಂದು ಸುರಿಯುತ್ತಾರೆ. ಇವರಿಗೆ ಅದು ಪ್ರಸಾದ.

ಅವರವರ ಭಕ್ತಿ, ಇರಲಿ. ನನ್ನ ಸಿಟ್ಟು ಇವರ ಮೇಲಲ್ಲ. ನಮ್ಮ ತಾರಸಿಗೆ ಬಂದಿರುವ ಮಾಮೂಲಿ ಸಿಲಿಕಾನ್ ಪ್ಯಾನೆಲ್ ಮೇಲೆ.

ಪ್ಯಾನೆಲ್ಲಿನ ಮುಂದೆ ಗಾಜು. 3.2 ಮಿಲಿಮೀಟರ್ ದಪ್ಪ. ಎರಡು ಚದರ ಮೀಟರಿನ ಪ್ಯಾನೆಲ್ಲಿಗೆ ಸುಮಾರು 16 ಕಿಲೋ ಗಾಜು. ಅದು ಮರಳು, ಸುಣ್ಣ, ಸೋಡಾ ಬೂದಿ ಕರಗಿಸಿ ಮಾಡಿದ ಗಾಜು. ತೂಕದಲ್ಲಿ 13-14% ಸೋಡಿಯಂ ಆಕ್ಸೈಡ್. ಲೆಕ್ಕ ಹಾಕಿ. ಒಂದೊಂದು ಪ್ಯಾನೆಲ್ಲಿನ ನೆತ್ತಿಯ ಮೇಲೆ ಒಂದೂವರೆ ಕಿಲೋಗೂ ಮಿಕ್ಕಿ ಸೋಡಿಯಂ.

ಅಲ್ಲಿ 680ರಲ್ಲಿ ಒಬ್ಬ ನುಸುಳಿದ್ದಕ್ಕೆ ಬನ್ನಿ ಸೂಟ್. ಇಲ್ಲಿ ಕಿಲೋಗಟ್ಟಲೆ. ಕೆಳಗಿರುವುದು ಅದೇ ಸಿಲಿಕಾನ್.

ಗಾಜಿನಲ್ಲಿರುವ ತನಕ ಪರವಾಗಿಲ್ಲ, ಅಲ್ಲಾಡುವುದಿಲ್ಲ ಎನ್ನುತ್ತೀರಾ? ಅಲ್ಲಾಡಿಸುವ ಏರ್ಪಾಡನ್ನು ನಾವೇ ಮಾಡಿದ್ದೇವೆ. ಪ್ಯಾನೆಲ್ಲುಗಳನ್ನು ಸರಪಳಿಯಂತೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತಾರೆ. ಮೊದಲು 600, ಆಮೇಲೆ 1000, ದೊಡ್ಡ ಪಾರ್ಕುಗಳಲ್ಲಿ ಈಗ 1500 ವೋಲ್ಟ್. ವೋಲ್ಟ್ ಏರಿದಷ್ಟೂ ತಂತಿ ಉಳಿತಾಯ, ಕಾಸು ಉಳಿತಾಯ. ಪ್ಯಾನೆಲ್ಲಿನ ಚೌಕಟ್ಟು ನೆಲಕ್ಕೆ ಅರ್ಥಿಂಗ್ ಆಗಿರುತ್ತದೆ. ಸರಪಳಿಯ ಋಣ ತುದಿಯ ಸೆಲ್ಲುಗಳು ನೆಲಕ್ಕಿಂತ ನೂರಾರು ವೋಲ್ಟ್ ಕೆಳಗಿರುತ್ತವೆ. ಧನ ಅಯಾನಿಗೆ ಇದಕ್ಕಿಂತ ಆಹ್ವಾನ ಪತ್ರಿಕೆ ಬೇಕೆ? ಬೆಳಗಿನ ಇಬ್ಬನಿ ಗಾಜಿನ ಮೇಲೆ ಕೂತರೆ ದಾರಿ ಇನ್ನೂ ಸಲೀಸು. ಮಂಗಳೂರು, ಕಾರವಾರದ ಸೆಕೆ ಮತ್ತು ತೇವ ಸೇರಿದರೆ ಕೇಳುವುದೇ ಬೇಡ.

ಸೋಡಿಯಂ ಸೆಲ್ಲಿಗೆ ಬಂದು ಏನು ಮಾಡುತ್ತದೆ? ಸಿಲಿಕಾನ್ ಹರಳಿನಲ್ಲಿ ಪದರಗಳು ಸರಿಯಾಗಿ ಕೂರದ ಸೀಳುಗಳಿರುತ್ತವೆ. ಕೆಲವು ಮೈಕ್ರಾನ್ ಉದ್ದ. ಕರೆಂಟ್ ಹುಟ್ಟಿಸುವ ಸಂಧಿ ಇರುವುದು ಮೇಲ್ಮೈಯಿಂದ ಅರ್ಧ ಮೈಕ್ರಾನಿಗೂ ಕಡಿಮೆ ಆಳದಲ್ಲಿ. ಸೋಡಿಯಂ ಆ ಸೀಳಿಗೆ ಇಳಿದು ಸಂಧಿಯನ್ನು ದಾಟಿಬಿಡುತ್ತದೆ. ಶಾರ್ಟ್. ಹುಟ್ಟಿದ ಕರೆಂಟ್ ಅಲ್ಲೇ ಸೋರಿ ಹೋಗುತ್ತದೆ. ಜರ್ಮನಿಯ ಹಾಲೆ ಊರಿನ ಫ್ರೌನ್‌ಹೋಫರ್ ಕೇಂದ್ರದವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಸೋಡಿಯಂ ಪೂರ್ತಿ ಗಾಜಿನದೋ, ಸೆಲ್ ಮೇಲೆ ಮೊದಲೇ ಅಂಟಿದ್ದೂ ಸೇರಿದೆಯೋ ಎಂಬ ಜಗಳ ಪಂಡಿತರದು. ಗಾಜನ್ನು ತೆಗೆದು ಸೋಡಿಯಂ ಇಲ್ಲದ ಕ್ವಾರ್ಟ್ಸ್ ಹಾಕಿದರೆ ಕಾಯಿಲೆ ಕಾಣಿಸುವುದಿಲ್ಲ. ನನಗೆ ಅಷ್ಟು ಸಾಕು.

ಕಾಯಿಲೆಯ ಹೆಸರು ಪಿಐಡಿ. ವೋಲ್ಟೇಜಿನಿಂದ ಬರುವ ಸವಕಳಿ. ಜೋರಾಗಿ ಹಿಡಿದರೆ ಪ್ಯಾನೆಲ್ಲಿನ ಶಕ್ತಿಯಲ್ಲಿ 30%, ಅದಕ್ಕೂ ಹೆಚ್ಚು ಕೊಚ್ಚಿಹೋಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೀಲಿ ಗಾಜು ಫಳಫಳ ಹೊಳೆಯುತ್ತಲೇ ಇರುತ್ತದೆ.

ಕಾರ್ಖಾನೆ ಶೆಡ್ಡಿನ ಮೇಲೆ ಸಾಲ ಮಾಡಿ ಸೋಲಾರ್ ಹಾಕಿಸಿದ ಯಾವ ಮಾಲೀಕರನ್ನು ಬೇಕಾದರೂ ಕೇಳಿ. ಯೂನಿಟ್ ಕಡಿಮೆಯಾಯಿತು ಎಂದು ಫೋನ್ ಮಾಡಿದರೆ ನಡೆಯುವ ಸಂಭಾಷಣೆ ಹೀಗಿರುತ್ತದೆ.

“ಸರ್, ಧೂಳು ಸರ್. ತೊಳೆಸಿ.”

“ತೊಳೆಸಿ ಆಯ್ತಲ್ಲಪ್ಪ.”

“ಈ ತಿಂಗಳು ಮೋಡ ಜಾಸ್ತಿ ಇತ್ತಲ್ವಾ ಸರ್?”

“ಪಕ್ಕದ ಶೆಡ್ಡಿಗೂ ಅದೇ ಮೋಡ ಕಣಯ್ಯ. ಅವರಿಗೆ ಬರ್ತಿದೆ.”

“ಟೀಮ್ ಕಳಿಸ್ತೀವಿ ಸರ್.”

ಟೀಮ್ ಬರುತ್ತದೆ. ಇನ್ನೊಮ್ಮೆ ತೊಳೆಯುತ್ತದೆ. ತಪ್ಪಿತಸ್ಥರ ಪಟ್ಟಿಯಲ್ಲಿ ಧೂಳು, ಮೋಡ, ಪಾರಿವಾಳ, ಬೆಸ್ಕಾಂ ಎಲ್ಲರೂ ಇದ್ದಾರೆ. ಗಾಜು ಮಾತ್ರ ಇಲ್ಲ. ಕತ್ತಲಲ್ಲಿ ಕರೆಂಟ್ ಕೊಟ್ಟು ವಿಶೇಷ ಕ್ಯಾಮೆರಾದಲ್ಲಿ ಚಿತ್ರ ತೆಗೆದರೆ ಋಣ ತುದಿಯ ಸೆಲ್ಲುಗಳು ಕಪ್ಪಗೆ ಕಾಣಿಸುತ್ತವೆ. ಅಪರಾಧಿಯ ಫೋಟೋ ಅದು. ಅಂಥ ಕ್ಯಾಮೆರಾ ತರಿಸುವ ಖರ್ಚು ಯಾರದು? ವಾರಂಟಿ ಕಾಗದದ ಸಣ್ಣ ಅಕ್ಷರ ಓದಿ. ಪ್ಯಾನೆಲ್ ಬಿಚ್ಚಿ, ಕಟ್ಟಿ, ಲ್ಯಾಬಿಗೆ ಸಾಗಿಸುವ ಖರ್ಚು ಎಷ್ಟೋ ವೇಳೆ ದೂರು ಕೊಟ್ಟವರದ್ದೇ. ಅಳತೆಯಲ್ಲಿ ಆಗಬಹುದಾದ ಹೆಚ್ಚುಕಡಿಮೆಯ ಲಾಭ ಕಂಪನಿಗೆ.

ಈಗ ಇಸವಿಗಳನ್ನು ಜೋಡಿಸಿ. ಸೋಡಿಯಂ ಸಿಲಿಕಾನಿನ ಮೇಲೆ ವೋಲ್ಟೇಜಿನ ತಾಳಕ್ಕೆ ಕುಣಿಯುತ್ತದೆ ಎಂದು ಗೊತ್ತಾದದ್ದು 1965. ವೋಲ್ಟೇಜಿನಿಂದ ಪ್ಯಾನೆಲ್ ಹಾಳಾಗುವುದನ್ನು ನಾಸಾದ ಜೆಪಿಎಲ್ ಪ್ರಯೋಗಾಲಯ ಅಧ್ಯಯನ ಮಾಡಿದ್ದು 1980ರ ದಶಕದಲ್ಲಿ. ಜರ್ಮನಿಯ ಸೋಲೊನ್ ಕಂಪನಿಯವರು ಪಿಐಡಿ ಎಂದು ಹೆಸರಿಟ್ಟು ಪ್ರಬಂಧ ಓದಿದ್ದು 2010. ಪ್ಯಾನೆಲ್ಲುಗಳ ಮೂಲ ಅಂತಾರಾಷ್ಟ್ರೀಯ ಪರೀಕ್ಷೆ ಐಇಸಿ 61215ರಲ್ಲಿ ಪಿಐಡಿ ಪರೀಕ್ಷೆ ಕಡ್ಡಾಯ ಭಾಗವಾಗಿ ಸೇರಿದ್ದು 2021ರ ಆವೃತ್ತಿಯಲ್ಲಿ.

56 ವರ್ಷ. ನಮ್ಮ ತಾಲ್ಲೂಕು ಕಚೇರಿಯ ಕಡತ ಇದಕ್ಕಿಂತ ಬೇಗ ಸಾಗುತ್ತದೆ.

ಪರೀಕ್ಷೆಯಾದರೂ ಎಷ್ಟು ಹೊತ್ತಿನದು? 85 ಡಿಗ್ರಿ ಬಿಸಿ, 85% ತೇವ, 96 ಗಂಟೆ. ನಾಲ್ಕು ದಿನ. 5%ಕ್ಕಿಂತ ಕಡಿಮೆ ಇಳಿದರೆ ಪಾಸ್. ಆಮೇಲೆ ಬ್ರೋಷರಿನಲ್ಲಿ “ಪಿಐಡಿ ಫ್ರೀ” ಎಂಬ ದುಂಡು ಮುದ್ರೆ. ನಾಲ್ಕು ದಿನದಲ್ಲಿ ನೂರಕ್ಕೆ ನಾಲ್ಕು ಕಳೆದುಕೊಂಡವನಿಗೂ ನಿರೋಗಿ ಎಂಬ ಸರ್ಟಿಫಿಕೇಟು.

ಮದ್ದು ಇಲ್ಲವೆ? ಇದೆ. ಮೊದಲನೆಯದು ಚಿಪ್‌ನವರು ಅರವತ್ತರ ದಶಕದಲ್ಲೇ ಕಲಿತದ್ದು. ನೈಟ್ರೈಡ್ ಪೊರೆಯನ್ನು ಗಟ್ಟಿ ಮಾಡಿ. ಸೆಲ್ ಮತ್ತು ಗಾಜಿನ ನಡುವೆ ಇವಿಎ ಪ್ಲಾಸ್ಟಿಕ್ಕಿನ ಬದಲು ಅಯಾನು ಸುಲಭವಾಗಿ ದಾಟದ ಪಿಒಇ ಹಾಳೆ ಹಾಕಿ. ಸರಪಳಿಯ ಋಣ ತುದಿಯನ್ನೇ ನೆಲಕ್ಕೆ ಕಟ್ಟಿ. ಒಳ್ಳೆಯ ಕಂಪನಿಗಳು ಮಾಡಿವೆ ಕೂಡ. ಆದರೆ ಇವಕ್ಕೆಲ್ಲ ಕಾಸು ಬೇಕು, ಟೆಂಡರಿನಲ್ಲಿ ಗೆಲ್ಲುವವರು ಕಡಿಮೆ ಕಾಸಿನವರು.

ಹಾಗಾಗಿ ಮಾರುಕಟ್ಟೆ ತನ್ನದೇ ಮದ್ದು ಕಂಡುಹಿಡಿಯಿತು. ಒಂದು ಡಬ್ಬಿ. ಸೂರ್ಯ ಮುಳುಗಿದ ಮೇಲೆ ಅದು ಪ್ಯಾನೆಲ್ಲುಗಳಿಗೆ ತಿರುಗು ವೋಲ್ಟ್ ಕೊಟ್ಟು ಸೋಡಿಯಮ್ಮನ್ನು ಹೊರಕ್ಕೆ ತಳ್ಳುತ್ತದೆ. ಬೆಳಿಗ್ಗೆ ಸೋಡಿಯಂ ಮತ್ತೆ ಬರುತ್ತದೆ. ರಾತ್ರಿ ಡಬ್ಬಿ ಮತ್ತೆ ತಳ್ಳುತ್ತದೆ. ಕಾಯಿಲೆ ಮಾರಿದವರೇ ಮದ್ದಿನ ಅಂಗಡಿಯನ್ನೂ ತೆರೆದಂತಾಯಿತು. ಹಗಲು ಗಳಿಸಿದ ಕರೆಂಟಿನ ಒಂದು ಪಾಲು, ಚೂರೇ ಇರಲಿ, ರಾತ್ರಿ ಗಾಜಿಗೆ ಸಮಾಧಾನ ಹೇಳಲು ಖರ್ಚು. ಕಳೆದುಹೋದ ಶಕ್ತಿ ಎಲ್ಲವೂ ವಾಪಸ್ ಬರುತ್ತದೆಂಬ ಭರವಸೆಯೂ ಇಲ್ಲ.

ಸಿಲಿಕಾನ್ ವ್ಯಾಲಿ ಎಂದು ಕರೆಸಿಕೊಳ್ಳುವ ಬೆಂಗಳೂರಿನಲ್ಲಿ ಸಿಲಿಕಾನ್ ಬಿಲ್ಲೆಯಿಂದ ಚಿಪ್ ಮಾಡುವ ದೊಡ್ಡ ವಾಣಿಜ್ಯ ಫ್ಯಾಬ್ ಒಂದೂ ಇಲ್ಲ. ಚಿತ್ರ ಬರೆಯುವುದು ಇಲ್ಲಿ, ಅಡುಗೆ ಬೇರೆ ಕಡೆ. ದೇಶದ ಮಹಾ ಫ್ಯಾಬ್ ಗುಜರಾತಿನ ಧೊಲೇರಾಕ್ಕೆ ಹೋಗಿದೆ. ಖಂಭಾತ್ ಕೊಲ್ಲಿಯ ದಡದ ಉಪ್ಪು ನೆಲಕ್ಕೆ. 91,000 ಕೋಟಿ ರೂಪಾಯಿ ಯೋಜನೆ. ಗಾಳಿ ಸೋಸುತ್ತಾರೆ, ನೀರು ಸೋಸುತ್ತಾರೆ, ಒಂದು ಕಣ ಉಪ್ಪು ಒಳಗೆ ಬಿಡುವುದಿಲ್ಲ. ಸರಿ, ಬಿಡಬಾರದು ಕೂಡ. ನಮ್ಮ ಪಾಲಿಗೆ ಪಾವಗಡದ ಸೋಲಾರ್ ಪಾರ್ಕ್ ಇದೆ. 13,000 ಎಕರೆ, 2,050 ಮೆಗಾವಾಟ್. ಅಲ್ಲಿನ ಬರವೇ ಸೋಲಾರಿಗೆ ವರ ಎಂದು ವರದಿಗಳು ಹೊಗಳುತ್ತವೆ. ಬರ ಯಾರಿಗೆ, ವರ ಯಾರಿಗೆ ಎಂದು ಕೇಳುವ ಅಂಕಣ ಅವುಗಳಲ್ಲಿಲ್ಲ.

ಈಗ ಸೋಲಾರ್ ಸೆಲ್ಲಿನ ಹೊಸ ತಳಿ ಬಂದಿದೆ. ಟಾಪ್‌ಕಾನ್. ಹಳೆಯದಕ್ಕಿಂತ ದಕ್ಷ, ನಿಜ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು 2023ರಲ್ಲಿ ಈ ಸೆಲ್ಲುಗಳಿಗೆ ಅಡುಗೆ ಉಪ್ಪು ಸೋಕಿಸಿ ಬಿಸಿ ತೇವದಲ್ಲಿಟ್ಟು ನೋಡಿದರು. ಲೋಹದ ಸಂಪರ್ಕಗಳು ತುಕ್ಕು ತಿಂದು ಹಳೆಯ ತಳಿಗಿಂತ ಕೆಟ್ಟದಾಗಿ ನೆಲಕಚ್ಚಿದವು. ಉದ್ಯಮ ಇದರಿಂದ ಏನು ಪಾಠ ಕಲಿಯಿತು? ಮೊದಲು ಬಹುಪಾಲು ಪ್ಯಾನೆಲ್ಲುಗಳಲ್ಲಿ ಗಾಜು ಮುಂದೆ ಮಾತ್ರ ಇರುತ್ತಿತ್ತು. ಈಗ ಹಿಂದೆಯೂ ಗಾಜು. ಅದೇ ಸೋಡಾ ಬೂದಿಯ ಗಾಜು. ವಾರಂಟಿ 25 ವರ್ಷದಿಂದ 30ಕ್ಕೆ ಏರಿದೆ.

ಮಾರಲು ಬಂದ ಹುಡುಗನನ್ನು ಪಿಐಡಿ ಪರೀಕ್ಷೆಯ ವರದಿ ಕೇಳಿ ನೋಡಿ. ಟ್ಯಾಬ್‌ನಲ್ಲಿ ಸಬ್ಸಿಡಿಯ ಪುಟ ತೆಗೆಯುತ್ತಾನೆ. ಮತ್ತೆ ಕೇಳಿ.

“ಎಲ್ಲಾ ಪಾಸಾಗಿದೆ ಸರ್. ನೀವು ಮೊದಲು ಅಡ್ವಾನ್ಸ್ ಹಾಕಿಬಿಡಿ.”